ದೇವೀರಮ್ಮನ ಪಕ್ಕದ ಜಾಗ

"ಒಳೆ ಕಡೀಕ್ ತಿರುಗ್ರಲಾ!" ಎಂದು ಶವದ ವಿಮಾನದ ಮುಂದಿನ ಬೊಂಬಿಗೆ ಹೆಗಲು ಕೊಟ್ಟವರು ಕೂಗಿದರು.

"ದಿನ್ನೆ ಕಡೀಕೆ!" ಎಂದು ಹಿಂದಿನವರು ಅದಕ್ಕಿಂತ ಜೋರಾಗಿ ಕೂಗಿದರು.

ಎರಡು ಕಡೆಯವರೂ ಒಂದೇ ಸಲ ಎಳೆದ ರಭಸಕ್ಕೆ ಬಿದಿರಿನ ವಿಮಾನ ಓಲಾಡಿ, ಒಳಗೆ ಕೂರಿಸಿದ್ದ ಪುಟ್ಟಬಸವಯ್ಯನವರ ತಲೆ ಪಕ್ಕಕ್ಕೆ ವಾಲಿತು. ಹಿಂದೆ ಬರುತ್ತಿದ್ದ ಮಗಳು ಗುರುಬಸಮ್ಮ ಓಡಿಬಂದು ಅಪ್ಪನ ಪೇಟ ನೆಟ್ಟಗೆ ಮಾಡಿ, ಗದ್ದಕ್ಕೆ ಕಟ್ಟಿದ್ದ ಬಟ್ಟೆಯನ್ನು ಬಿಗಿದಳು. ಜಾಗಟೆಯವನು ಬಡಿಯುವುದೋ ಬಿಡುವುದೋ ತಿಳಿಯದೆ ಕವಲುದಾರಿಯ ನಡುವೆ ನಿಂತಿದ್ದ.

ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ಕಪಿಲೆಯ ದಂಡೆಯ ಆ ಹೊಳೆಪೇಟೆಯಲ್ಲಿ ಇಂಥ ಜಗಳ ಹೊಸದೇನಲ್ಲ. ಮಹಾರಾಜರ ಸರ್ಕಾರ ಊರಿಗೆ ಮುನಿಸಿಪಾಲಿಟಿ ಕೊಟ್ಟು, ಮನೆಗಂದಾಯ ಕಟ್ಟುವವರಿಗೆ ಓಟು ಕೊಟ್ಟಂದಿನಿಂದ ಜನ ಎರಡು ಪಾರ್ಟಿಯಾಗಿ, ಮದುವೆ ಚಪ್ಪರದಲ್ಲೂ ಬೇರೆ ಬೇರೆ ಪಂಕ್ತಿ ಹಿಡಿಯುತ್ತಿದ್ದರು. ಸಾವೊಂದು ಬಾಕಿ ಇತ್ತು. ಇವತ್ತು ಅದೂ ಆಯಿತು. ಒಂಬತ್ತು ವರ್ಷ ಊರು ಆಳಿದ್ದ ಪಟೇಲ ಬೆಟ್ಟಸ್ವಾಮಿಯವರ ಪಾರ್ಟಿ ಎರಡು ತಿಂಗಳ ಹಿಂದೆ ಸೋತು, ಜವಳಿ ಅಂಗಡಿಯ ಗುರುಮಲ್ಲಪ್ಪ ಪ್ರೆಸಿಡೆಂಟರಾಗಿದ್ದರು. ಹೊಳೆದಂಡೆಯ ಹಳೇ ರುದ್ರಭೂಮಿಯನ್ನು ಮುಚ್ಚಿ ದಿನ್ನೆಯ ಮೇಲೆ ಹೊಸ ಜಾಗ ಗೊತ್ತುಮಾಡಿದ್ದು ಅವರ ಮೊದಲ ಆರ್ಡರು. ಅದು ಜಾರಿಗೆ ಬಂದು ನಾಲ್ಕೇ ದಿನವಾಗಿತ್ತು. ಹೋದ ವಾರವೇ ಅಪ್ಪ ಕಣ್ಣು ಮುಚ್ಚಿದ್ದರೆ ಎಂದು ಗುರುಬಸಮ್ಮನ ಮನಸ್ಸಿಗೆ ಬಂದುಹೋಗಿ, ಅಂಥ ಯೋಚನೆ ಬಂತಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಹಳೇ ರುದ್ರಭೂಮಿಯಲ್ಲಿ ಅವಳ ಅವ್ವ ದೇವೀರಮ್ಮನ ಸಮಾಧಿ ಇತ್ತು. ಪಕ್ಕದಲ್ಲಿ ಇನ್ನೊಬ್ಬರಿಗಾಗುವಷ್ಟು ನೆಲ ಖಾಲಿ ಇತ್ತು. ಪುಟ್ಟಬಸವಯ್ಯ ಸೋಮವಾರ ಬಂತೆಂದರೆ ಬಾಳೆಹಣ್ಣಿನ ಅಂಗಡಿ ಮುಚ್ಚಿ ಅಲ್ಲಿಗೆ ಹೋಗಿ, ಆ ಖಾಲಿ ನೆಲದಲ್ಲಿ ಕೂತು, ವಾರದ ಸುದ್ದಿಯನ್ನೆಲ್ಲ ಹೆಂಡತಿಗೆ ಒಪ್ಪಿಸಿ ಬರುತ್ತಿದ್ದರು. ಅವಳು ಬದುಕಿದ್ದಾಗ ದಿನಕ್ಕೆ ಮೂರು ಮಾತು ಆಡದಿದ್ದ ಮನುಷ್ಯ! ಕೊನೆಗೆ ಅವಳ ಪಕ್ಕ ಸಮಾಧಿಯಲ್ಲಿ ಕೂರಬೇಕು ಎನ್ನುವುದೊಂದು ಬಿಟ್ಟರೆ ಅವರಿಗೆ ಬೇರೆ ಆಸೆ ಉಳಿದಿರಲಿಲ್ಲ.

* * *

ಓಟಿಗೆ ಹದಿನೈದು ದಿನ ಇದ್ದಾಗ ಗುರುಮಲ್ಲಪ್ಪ ಅಂಗಡಿಗೆ ಬಂದಿದ್ದರು.

"ಬಸವಯ್ನೋರೇ, ನಮ್ಮ ಬೀದೀಲಿ ಇರೋದೇ ನಲವತ್ತೊಂದು ಓಟು. ಇಪ್ಪತ್ತು ಅವರ್ದು, ಇಪ್ಪತ್ತು ನಮ್ದು. ನೀವು ಲಿಂಗ ಮುಟ್ಟಿ ಒಂದು ಮಾತು ಕೊಡ್ಬೇಕು."

ಪುಟ್ಟಬಸವಯ್ಯ ಹಿಂದೆಮುಂದೆ ನೋಡದೆ ಎದೆಯ ಮೇಲಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಮಾತು ಕೊಟ್ಟುಬಿಟ್ಟರು. ಜ್ವರದ ಮಾರಿ ಹಬ್ಬಿದ ವರ್ಷ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದಾಗ, ದೇವೀರಮ್ಮನ ವಿಮಾನಕ್ಕೆ ಹೆಗಲು ಕೊಡಲು ಬಂದವರು ಮೂವರೇ ಮೂವರು. ಅವರಲ್ಲಿ ಗುರುಮಲ್ಲಪ್ಪ ಒಬ್ಬರು. ಗೆದ್ದ ಮೇಲೆ ಏನು ಮಾಡುತ್ತೀರಿ ಎಂದು ಅಂಥವರನ್ನು ಯಾರು ಕೇಳುತ್ತಾರೆ?

ವಾರ ಕಳೆದ ಮೇಲೆ ಗುರುಮಲ್ಲಪ್ಪ ತಮ್ಮ ಅಂಗಡಿಯ ಜಗಲಿಯಲ್ಲಿ ಸಭೆ ಕರೆದು, ಹೊಳೆ ಏರಿದಾಗಲೆಲ್ಲ ಸಮಾಧಿಗಳಿಗೆ ನುಗ್ಗಿದ ನೀರೇ ನಮ್ಮ ಕೊಡಕ್ಕೆ ಬರುತ್ತಿದೆ, ಗೆದ್ದರೆ ರುದ್ರಭೂಮಿಯನ್ನು ಮೇಲಕ್ಕೆ ಸಾಗಿಸುತ್ತೇವೆ ಎಂದರು. ಮಾತಿನಲ್ಲಿ ಸುಳ್ಳಿರಲಿಲ್ಲ. ಜನ ತಲೆದೂಗಿದರು. ಪುಟ್ಟಬಸವಯ್ಯ ಮಾತ್ರ ಎದ್ದು ಮನೆಗೆ ಬಂದರು.

ಸುದ್ದಿ ಕೇಳಿ ಗುರುಬಸಮ್ಮ ಅಪ್ಪನ ಕಾಲು ಹಿಡಿದುಕೊಂಡಿದ್ದಳು. "ಓಟಿನ ದಿನ ಬೆಟ್ಟಸ್ವಾಮಪ್ಪೋರ ಎಸರು ಏಳ್ಬುಡಪ್ಪ. ಇಲ್ದಿದ್ರೆ ನನ್ನ ಮಾತು ವಾಪಸ್ ಕೊಡಿ ಅಂತ ಗುರುಮಲ್ಲಪ್ಪಣ್ಣನ್ನೇ ಕೇಳು."

"ಲಿಂಗ ಮುಟ್ಟಿ ಏಳಿದ್ದೀನಿ ಕಣವ್ವ. ಅದನ್ನ ವಾಪಸ್ ಕೇಳಾಕಾದದಾ? ನಿಮ್ಮವ್ವನ್ನ ಒತ್ಕೊಂಡು ಓದೋರು ಅವ್ರು."

"ಅವ್ವನ ಪಕ್ಕದ ಜಾಗ ಓಯ್ತದಲ್ಲಪ್ಪಾ!"

"ನಾನ್ ಸಾಯೋದು ಯಾವಾಗ್ಲೋ. ಅಷ್ಟೊತ್ಗೆ ಇನ್ನೆರಡು ಎಲೆಕ್ಷನ್ ಆಗಿ, ಪಾರ್ಟಿನೂ ಬದಲಾಗಿ, ಈ ಆರ್ಡರೆಲ್ಲ ಎತ್ಲಾಗೋ ಓಗಿರ್ತದೆ ಬುಡು" ಎಂದು ಅವರು ನಗಲು ನೋಡಿದ್ದರು.

ಆ ಕಾಲದಲ್ಲಿ ಅಲ್ಲಿ ಓಟು ಎಂದರೆ ಅಮಲ್ದಾರರ ಮೇಜಿನ ಮುಂದೆ ನಿಂತು ಬಾಯಿಬಿಟ್ಟು ಹೆಸರು ಹೇಳುವುದು. ಪುಟ್ಟಬಸವಯ್ಯ ಹೇಳಿದರು. ಇಪ್ಪತ್ತೊಂದಕ್ಕೆ ಇಪ್ಪತ್ತು. ಆ ಒಂದು ಸೀಟಿನಿಂದ ಕೌನ್ಸಿಲ್ಲೇ ಕೈ ಬದಲಾಯಿತು. ಗೆದ್ದವರು ಬೀದಿಯಲ್ಲಿ ಓಲಗ ಊದಿಸುತ್ತಿದ್ದಾಗ, ಅವರು ಸೋಮವಾರವಲ್ಲದಿದ್ದರೂ ಹೊಳೆದಂಡೆಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರು. ಅವತ್ತು ಊಟ ಬೇಡವೆಂದರು. ಹೆಂಡತಿಗೆ ಏನು ಹೇಳಿಬಂದರೋ, ಮಗಳಿಗೆ ಕೇಳುವ ಧೈರ್ಯವಾಗಲಿಲ್ಲ.

* * *

ಈಗ ಕವಲುದಾರಿಯಲ್ಲಿ ಗುರುಮಲ್ಲಪ್ಪನವರು ಬರಿಗಾಲಲ್ಲಿ ಜನರ ನಡುವೆ ನಿಂತಿದ್ದರು. ಗುರುಬಸಮ್ಮ ಅವರ ಮುಂದೆ ಸೆರಗೊಡ್ಡಿದಳು.

"ಅಣ್ಣಾ, ಇದೊಂದು ಎಣ ಬುಟ್ಬುಡಿ. ನಾಳೆಯಿಂದ ನಿಮ್ಮ ಆರ್ಡರು ನಡೀಲಿ."

ಅವರ ಕಣ್ಣು ಕೆಂಪಾಗಿತ್ತು. ತೋರಿಕೆಗಲ್ಲ, ಬೆಳಗಿನಿಂದ ನಿಜವಾಗಿಯೇ ಅತ್ತಿದ್ದರು. "ನನಗೋಸ್ಕರ ಮಾತು ಉಳಿಸ್ಕೊಂಡೋರು ತಾಯಿ ನಿಮ್ಮಪ್ಪ. ಅವರ್ಗೆ ಅಂತ ಮೊದಲ್ನೇದಕ್ಕೇ ಬುಟ್ಟುಕೊಟ್ರೆ, ನಮ್ಮೋರ್ಗೊಂದು ಊರ್ಗೊಂದು ಮಾಡ್ದ ಅನ್ನಲ್ವಾ? ಆರ್ಡರು ಮೀರಿ ಮಣ್ಣು ಮಾಡುದ್ರೆ ತೆಗ್ದು ಸಾಗಿಸ್ಬೇಕು ಅಂತ ನಾನೇ ರುಜು ಆಕಿದ್ದೀನಿ. ನನ್ ಕೈ ಕಟ್ಟೋಗದೆ."

"ತೆಗ್ಸಿ, ನೋಡಾಣ!" ಎಂದು ಬೆಟ್ಟಸ್ವಾಮಿ ಮುಂದೆ ಬಂದರು. "ನೀ ಎದರ್ಕೋಬ್ಯಾಡ ಕಣವ್ವ. ನಿಮ್ಮವ್ವನ ಪಕ್ಕಾನೇ ಕೂರುಸ್ತೀವಿ. ಪೋಲೀಸ್ನೋರು ಬಂದು ಎಣ ಮೇಲಕ್ಕೆತ್ಲಿ, ಮೈಸೂರ್ಗಂಟ ಅರ್ಜಿ ಓಯ್ತದೆ. ಆರು ತಿಂಗಳಲ್ಲಿ ಈ ಕೌನ್ಸಿಲ್ಲೇ ಇರಾಕಿಲ್ಲ."

ಎರಡು ತಿಂಗಳಿಂದ ಬಾಡಿದ್ದ ಅವರ ಮುಖಕ್ಕೆ ಕಳೆ ಬಂದಿತ್ತು. ಹೆಣ ಮೇಲಕ್ಕೆ ಬರಲಿ ಎಂದೇ ಈ ಮನುಷ್ಯ ಕಾಯುತ್ತಿದ್ದಾನೆ ಎಂದು ಗುರುಬಸಮ್ಮನಿಗೆ ಹೊಳೆಯಿತು. ಒಬ್ಬರು ಅಪ್ಪನಿಗಾಗಿ ಮನಸಾರೆ ಅಳುತ್ತಾರೆ, ಜಾಗ ಕೊಡುವುದಿಲ್ಲ. ಇನ್ನೊಬ್ಬರು ಜಾಗ ಕೊಡುತ್ತಾರೆ, ಅಲ್ಲಿ ನೆಮ್ಮದಿಯಾಗಿ ಇರಗೊಡುವುದಿಲ್ಲ. ಅವಳಿಗೆ ಅಣ್ಣತಮ್ಮಂದಿರಿರಲಿಲ್ಲ. ಗಂಡನ ಕಡೆ ನೋಡಿದಳು. ಗುರುಮಲ್ಲಪ್ಪನವರ ಅಂಗಡಿಯಲ್ಲೇ ಬಟ್ಟೆ ಅಳೆಯುವ ಅವನು ಹೆಬ್ಬೆರಳಿಂದ ಮಣ್ಣು ಕೆದಕುತ್ತಿದ್ದ.

"ಒತ್ತು ಮುಳುಗ್ತಾ ಅದೆ. ಯಾವುದಾದ್ರೂ ಒಂದು ಏಳವ್ವ" ಎಂದರು ಮಠದ ಅಯ್ಯನವರು.

ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಊರಿನಲ್ಲಿ ಯಾರೂ ಅವಳನ್ನು ಏನೂ ಕೇಳಿದವರಲ್ಲ.

"ದಿನ್ನೆ ಕಡೀಕೇ ನಡೀರಿ. ನಮ್ಮಪ್ಪನ್ನ ಎರಡು ಸಲ ಮಣ್ಣು ಮಾಡದು ಬ್ಯಾಡ."

ಬೆಟ್ಟಸ್ವಾಮಿಯವರ ಕಡೆಯವರು ಬೊಂಬನ್ನು ಬೇರೆಯವರ ಹೆಗಲಿಗೆ ದಾಟಿಸಿ, ಅಲ್ಲಿಂದಲೇ ಹಿಂದಿರುಗಿದರು.

ದಿನ್ನೆಯ ಮೇಲೆ ಕಳ್ಳಿಬೇಲಿಯೊಳಗೆ ಎರಡು ಎಕರೆ ಬಯಲು, ಅದರಲ್ಲಿ ಒಂದೇ ಒಂದು ಗುಂಡಿ. ಅಯ್ಯನವರು ವಿಧಿಯೆಲ್ಲ ಮುಗಿಸಿದರು. ಲಿಂಗವನ್ನು ಅಂಗೈಯಲ್ಲಿಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿ, ಮಣ್ಣು ಮುಚ್ಚಿದ್ದಾಯಿತು. ಗುರುಮಲ್ಲಪ್ಪ ಬಿಕ್ಕುತ್ತ ಎರಡು ಹಿಡಿ ಮಣ್ಣು ಹಾಕಿದರು. ಒಬ್ಬೊಬ್ಬರಾಗಿ ಜನ ಹೊಳೆಗೆ ಸ್ನಾನಕ್ಕೆ ಇಳಿದುಹೋದರು.

ಹೊಸ ರುದ್ರಭೂಮಿಗೆಂದು ಹೆಮ್ಮರಗಾಲದಿಂದ ಕರೆಸಿದ್ದ ಆಳಿಗೆ ಊರಿನ ಸುದ್ದಿ ಒಂದೂ ಗೊತ್ತಿರಲಿಲ್ಲ. ಮಣ್ಣು ಏರಿಸಿ, ಗುದ್ದಲಿ ಕೆಳಗಿಟ್ಟು, ವಿನಯದಿಂದ ಕೇಳಿದ:

"ಮುಂದಕ್ಕೆ ನಿಮ್ಮ ಅಮ್ಮೋರ್ಗೆ ಯಾವ ಕಡೀಕ್ ಜಾಗ ಬುಡ್ಲಿ ತಾಯಿ? ಈಗ್ಲೇ ಗುರ್ತು ಮಾಡುದ್ರೆ ಬೇರೇವ್ರು ಬರಾಕಿಲ್ಲ."

ಗುರುಬಸಮ್ಮ ಅವ್ವ ಇರುವ ಹೊಳೆದಂಡೆಯ ಕಡೆ ಒಮ್ಮೆ ತಿರುಗಿ ನೋಡಿದಳು.

"ಎಡಕ್ಕೆ ಬುಡಪ್ಪ" ಎಂದಳು.

ಅವನು ಹೆಜ್ಜೆಯಲ್ಲಿ ಅಳೆದು, ನಾಲ್ಕು ಮೂಲೆಗೂ ಒಂದೊಂದು ಕಲ್ಲಿಟ್ಟು, ಕುಕ್ಕರುಗಾಲಲ್ಲಿ ಕೂತು ಒಳಗಿನ ಹುಲ್ಲನ್ನೆಲ್ಲ ಕೈಯಿಂದಲೇ ಕಿತ್ತು ಚೊಕ್ಕಟ ಮಾಡತೊಡಗಿದ.