ಹಲ್ಲಿನೊಳಗೆ ಅಮ್ಮ

ಡಿಎನ್‌ಎ ಓದುವ ಸಾಫ್ಟ್‌ವೇರ್ ಕಲಿಯಲು ನನ್ನ ಬಳಿ ಬರುವವರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತೇನೆ. ಪರದೆಯ ಮೇಲೆ ಹಸಿರು ಗುರುತು ಬಂತೆಂದು ಎದ್ದು ಕಾಫಿಗೆ ಹೋಗಬೇಡಿ. ಅದು ಯಂತ್ರ. ನೀವು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ, ಕೇಳದೆ ಬಿಟ್ಟದ್ದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ, ಒಬ್ಬ ಮನುಷ್ಯನ ಮಾನ ಹರಾಜಾದಾಗ ಕಲಿತೆ. ಹರಾಜು ಕೂಗಿದವಳು ನಾನೇ. ಇವತ್ತಿಗೂ ಅದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ಅವರನ್ನು ನಾವೆಲ್ಲ ಬೆನ್ನ ಹಿಂದೆ ಇಸ್ತ್ರಿ ಎನ್ನುತ್ತಿದ್ದೆವು. ಹಳೆಯ ಮೂಳೆ, ಹಲ್ಲುಗಳಿಂದ ಡಿಎನ್‌ಎ ತೆಗೆಯುವ ಪ್ರಯೋಗಾಲಯದ ಮುಖ್ಯಸ್ಥರು. ಅವರ ಬಿಳಿ ಕೋಟಿನ ಮೇಲೆ ಒಂದು ಸುಕ್ಕೂ ಇರುತ್ತಿರಲಿಲ್ಲ. ಅದನ್ನು ತೊಟ್ಟು ಕೆಲಸ ಮಾಡಿದರಲ್ಲವೇ ಸುಕ್ಕಾಗುವುದು? ಅವರಿಗಿದ್ದ ಡಾಕ್ಟರೇಟ್ ನನಗೂ ಇತ್ತು. ಅವರ ಕುರ್ಚಿ ಕಾಯಂ, ನನ್ನ ಸ್ಟೂಲು ತಾತ್ಕಾಲಿಕ, ಅಷ್ಟೇ ವ್ಯತ್ಯಾಸ.

ಒಮ್ಮೆ ಬಹಳ ಹಳೆಯ ಸಮಾಧಿಯಿಂದ ತೆಗೆದ ಹಲ್ಲೊಂದು ನಮ್ಮಲ್ಲಿಗೆ ಬಂತು. ಅದರ ಬೇರನ್ನು ಕೊರೆದು ಪುಡಿ ತೆಗೆಯಬೇಕು. ಅದಕ್ಕೊಂದು ಗಾಜಿನ ಗೂಡಿದೆ, ನಮ್ಮ ಉಸಿರು ಹಲ್ಲಿನ ಮೇಲೆ ಬೀಳದಂತೆ ಒಳಗಿನ ಫ್ಯಾನು ಗಾಳಿಯನ್ನು ತಳ್ಳುತ್ತಿರುತ್ತದೆ. ಆ ವಾರ ಫ್ಯಾನು ಕೆಟ್ಟಿತ್ತು. ನನಗೆ ನೆಗಡಿ ಬೇರೆ.

“ಸರ್, ರಿಪೇರಿಯವರು ಬರೋ ತನಕ ಕಾಯೋಣ. ನನಗೆ ಸೀನು ತಡೆಯೋಕಾಗ್ತಿಲ್ಲ” ಎಂದೆ.

“ಆ ಕಡೆ ತಿರುಗಿ ಸೀನ್ಕೊಳ್ಳಮ್ಮ. ಅದನ್ನೂ ನಾನೇ ಹೇಳಿಕೊಡ್ಬೇಕಾ?”

ಅಲ್ಲಿ ಇನ್ನೊಂದು ಕಟ್ಟುಪಾಡಿತ್ತು. ಕೆಲಸ ಮಾಡುವ ಪ್ರತಿಯೊಬ್ಬರ ಡಿಎನ್‌ಎಯನ್ನೂ ಮೊದಲೇ ಓದಿಸಿ ಸಾಫ್ಟ್‌ವೇರಿನಲ್ಲಿ ಹಾಕಿಡಬೇಕು. ಹಲ್ಲಿನಲ್ಲಿ ಸಿಕ್ಕಿದ್ದು ನಮ್ಮವರಲ್ಲೇ ಯಾರದೋ ಆಗಿದ್ದರೆ ಆಗ ಅದು ಕೆಂಪಾಗಿ ಕೂಗಿಕೊಳ್ಳುತ್ತದೆ. ನನ್ನದನ್ನೂ ಹಾಕಿಸಿ ಎಂದು ಕೇಳಿಕೊಂಡೆ.

“ಪರ್ಮನೆಂಟ್ ಆದವರದ್ದು ಸಾಕು. ನೀವೆಲ್ಲ ಇವತ್ತಿರ್ತೀರಿ, ನಾಳೆ ಹೋಗ್ತೀರಿ” ಎಂದರು ಇಸ್ತ್ರಿ.

ಕೊರೆದೆ, ಪುಡಿ ಮಾಡಿದೆ, ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ಡಿಎನ್‌ಎಯ ಚೂರುಚೂರಾದ ಅಕ್ಷರಸಾಲುಗಳನ್ನು ಒಂದಕ್ಕೊಂದು ಹೊಂದಿಸಿದೆ. ಈ ನೆಲದಲ್ಲಿ ಹಿಂದೆ ಇರಲೇ ಇಲ್ಲ ಎಂದು ಎಲ್ಲರೂ ನಂಬಿದ್ದ ಒಂದು ಅಪರೂಪದ ತಾಯಿವಂಶ ಆ ಹಲ್ಲಿನಲ್ಲಿ ಕಂಡಿತು. ನನ್ನ ಎದೆ ಹೊಡೆದುಕೊಂಡಿತು. ಆದರೂ ಇಸ್ತ್ರಿಗೆ ಹೇಳಿದೆ, ಹಳೆಯ ಡಿಎನ್‌ಎಯ ತುದಿಗಳು ಸವೆದಿರಬೇಕು, ಆ ಸವೆತದ ಪರೀಕ್ಷೆಯೊಂದನ್ನು ಓಡಿಸಿಬಿಡೋಣ ಎಂದು. ಅವರು ಪರದೆಯತ್ತ ಬೆರಳು ತೋರಿದರು. ಸಿಬ್ಬಂದಿ ಯಾರೊಂದಿಗೂ ಹೋಲಿಕೆಯಿಲ್ಲ ಎಂದು ಹಸಿರು ಗುರುತು ಬಂದಿತ್ತು. “ಇನ್ನೇನು ಬೇಕು?” ಎಂದರು.

ಸಂಶೋಧನೆ ಪ್ರಕಟವಾಯಿತು. ಪತ್ರಿಕೆಗಳಲ್ಲಿ ಆ ಕೋಟಿನ ಫೋಟೊ ಬಂತು. ಲೇಖಕರ ಹೆಸರುಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ನಾನಿರಲಿಲ್ಲ. ಧನ್ಯವಾದ ಹೇಳಿದ ಕಡೆಯಲ್ಲಿ ವಿದ್ಯುತ್ ಇಲಾಖೆ ಕೂಡ ಇತ್ತು, ನಾನಿರಲಿಲ್ಲ. ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ಅವರದು. ಹೋಗಿ ಕೇಳಿದರೆ, “ನಿಮ್ಮದು ಬರೀ ಕೈಕೆಲಸ. ತಲೆ ನಂದು” ಎಂದರು. ಮುಂದಿನ ತಿಂಗಳು ನನ್ನ ಕೆಲಸವನ್ನು ಮುಂದುವರಿಸಲಿಲ್ಲ.

ಬೀಗದ ಕೈ ಮಾಡುವವನ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು ಸಾಫ್ಟ್‌ವೇರ್ ಪಾಠ ಶುರು ಮಾಡಿದೆ. ಕೆಳಗೆ ಅವನು ಅರ ತಿಕ್ಕುತ್ತಿದ್ದ, ಮೇಲೆ ನಾನು ಹಲ್ಲು ಕಡಿಯುತ್ತಿದ್ದೆ. ಸ್ನಾನ ಮಾಡುವಾಗ, ಪಾತ್ರೆ ತೊಳೆಯುವಾಗ ಇಸ್ತ್ರಿಯನ್ನು ಮನಸಾರೆ ಬೈಯುತ್ತಿದ್ದೆ. ಅವರ ಲೇಖನವನ್ನಾಗಲಿ ಅದರ ಜೊತೆ ಅಂತರ್ಜಾಲಕ್ಕೆ ಹಾಕಿದ್ದ ಡಿಎನ್‌ಎ ಫೈಲನ್ನಾಗಲಿ ಮತ್ತೆ ತೆರೆಯಲಿಲ್ಲ, ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಪಾಠಕ್ಕೊಂದು ಮಾದರಿ ಬೇಕಿತ್ತಲ್ಲ, ನನ್ನ ಕೆನ್ನೆಯ ಒಳಭಾಗವನ್ನೇ ಹತ್ತಿಯಿಂದ ಒರೆಸಿ, ಬೇರೆ ಕಡೆ ಕೊಟ್ಟು ಓದಿಸಿಟ್ಟುಕೊಂಡಿದ್ದೆ. ನನ್ನದು ಯಾವ ವಂಶವೆಂದು ಹುಡುಕುವ ಗೋಜಿಗೆ ಹೋಗಿರಲಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ನಿವೃತ್ತರಾದ ಪಶುವೈದ್ಯರೊಬ್ಬರಿದ್ದರು, ಹೇಳಿದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುವ ಜಾತಿ. ಒಂದು ದಿನ ನನ್ನ ಮಾದರಿಯನ್ನು ಅಂತರ್ಜಾಲದಲ್ಲಿ ಸಿಕ್ಕಿದ ಇನ್ನೊಂದು ಸಾಲಿಗೆ ಹೋಲಿಸಿ ವ್ಯತ್ಯಾಸ ಗುರುತಿಸಿ ಎಂದಿದ್ದೆ. ಈ ಹೋಲಿಕೆಯಲ್ಲಿ ಅಕ್ಷರ ಬೇರೆಯಾದ ಕಡೆಯೆಲ್ಲ ಕೆಂಪು ಗುರುತು ಬೀಳುತ್ತದೆ. ಅವರು ಎಲ್ಲ ಬಿಟ್ಟು ಆ ಪ್ರಖ್ಯಾತ ಹಲ್ಲಿನ ಸಾಲನ್ನೇ ಇಳಿಸಿಕೊಂಡರು.

“ಮೇಡಂ, ನಿಮ್ಮ ಸಾಫ್ಟ್‌ವೇರ್ ಕೆಟ್ಟಿದೆ. ಎಲ್ಲೂ ಒಂದು ಕೆಂಪು ಗುರುತು ಬರ್ತಿಲ್ಲ.”

“ಒಂದೇ ಫೈಲನ್ನ ಎರಡು ಸಲ ಹಾಕಿರ್ತೀರಿ ಡಾಕ್ಟ್ರೇ. ಎಲ್ಲರೂ ಮಾಡೋ ತಪ್ಪು.”

ಹೋಗಿ ನೋಡಿದೆ. ಫೈಲುಗಳು ಬೇರೆಬೇರೆಯೇ. ಮೇಲಿನ ಸಾಲು ನನ್ನ ಕೆನ್ನೆ, ಕೆಳಗಿನದು ಹಲ್ಲು. ಮೊದಲ ಅಕ್ಷರದಿಂದ ಕೊನೆಯವರೆಗೆ ಒಂದೂ ಭೇದವಿಲ್ಲ. ಇಸ್ತ್ರಿ ಹಲ್ಲೆಂದು ಪ್ರಕಟಿಸಿದ್ದು ನನ್ನ ಸೀನನ್ನು! ನನಗೆ ನಗು ಬಂತು. ತಡೆಯಲಾರದೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ನಕ್ಕೆ.

ಆಮೇಲೆ ತಲೆ ಓಡಿತು. ನಾನೇ ಆ ಹಲ್ಲಿನ ಪುಡಿಯನ್ನು ಕೈಗೋ ಬಟ್ಟೆಗೋ ಅಂಟಿಸಿಕೊಂಡು ಬಂದು ನನ್ನ ಮಾದರಿಯನ್ನು ಕೆಡಿಸಿಕೊಂಡೆ ಎಂದು ಇಸ್ತ್ರಿ ವಾದಿಸಬಹುದು. ಆ ಬಾಗಿಲನ್ನೂ ಮುಚ್ಚಬೇಕು. ನಾವು ಹೋಲಿಸಿದ ಡಿಎನ್‌ಎಯ ಭಾಗ ತಾಯಿಯಿಂದ ಮಕ್ಕಳಿಗೆ ಹಾಗೆಯೇ ಇಳಿದು ಬರುವಂಥದ್ದು. ಅಮ್ಮ ಆ ಪ್ರಯೋಗಾಲಯದ ಗೇಟನ್ನೂ ನೋಡಿದವಳಲ್ಲ, ಅವಳಲ್ಲೂ ಅದೇ ಸಾಲು ಸಿಕ್ಕರೆ ಅದು ನಮ್ಮ ರಕ್ತದ್ದೇ.

ಅಮ್ಮ ಹೊಲಿಗೆಯಂತ್ರದ ಮುಂದೆ ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು.

“ಬಾಯಿ ತೆಗಿ.”

“ಯಾಕೆ, ಗುಳಿಗೆ ಹಾಕ್ತೀಯಾ?”

ಎಲ್ಲವನ್ನೂ ಬಿಡಿಸಿ ಹೇಳಿದೆ. ಅಮ್ಮ ಕತ್ತರಿ ಕೆಳಗಿಟ್ಟಳು. “ಅಂದ್ರೆ ಆ ಹಲ್ಲಿನೊಳಗೆ ನಾನಿದ್ದೀನಾ? ನನ್ನ ಹಲ್ಲು ನನ್ನ ಬಾಯಲ್ಲೇ ಇದೆ ಕಣೇ, ಎರಡು ಬಿಟ್ಟು.” ಆಮೇಲೆ ಕೇಳಿದಳು, “ಸೀನಿದ್ದು ನೀನಲ್ವಾ? ನಿನ್ನ ಮೇಲೂ ಬರುತ್ತಲ್ಲೇ.”

“ಬರ್ಲಿ.”

“ಹಾಗಾದ್ರೆ ಬಿಡಬೇಡ ಅವನನ್ನ” ಎಂದು ಬಾಯಿ ತೆರೆದಳು.

ಬೇರೊಂದು ಕಡೆ ಓದಿಸಿದೆವು. ಅಮ್ಮನದೂ ಅದೇ ಸಾಲು.

ಆ ಹಲ್ಲಿನ ಸಂಶೋಧನೆಗಾಗಿ ಇಸ್ತ್ರಿಗೆ ಒಂದು ದೊಡ್ಡ ಪದಕ ಕೊಡುವ ಮೊದಲು ಅವರ ಉಪನ್ಯಾಸವಿತ್ತು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ನಾನು ಎದ್ದೆ.

“ಸರ್, ಹಲ್ಲನ್ನ ಕೊರೆದವರು ಯಾರು?”

ನನ್ನನ್ನು ಕಂಡು ಅವರ ಮುಖ ಒಂದು ಗಳಿಗೆ ಬಿಗಿಯಿತು. “ನಾನೇ. ಸ್ವಂತ ಕೈಯಿಂದ.”

“ಬೇರೆ ಯಾರೂ ಮುಟ್ಟಿಲ್ವಾ?”

“ನನ್ನನ್ನ ಬಿಟ್ಟು ಯಾರೂ ಮುಟ್ಟಿಲ್ಲ.”

“ಮತ್ತೆ ನಮ್ಮಮ್ಮ ಅದರೊಳಗೆ ಹೇಗೆ ಬಂದ್ಲು?”

ಸಭೆ ನಕ್ಕಿತು. ಅಧ್ಯಕ್ಷರು ಮಾತ್ರ ನಗದೆ ನನ್ನನ್ನು ವೇದಿಕೆಗೆ ಕರೆದರು. ಮೂರು ಸಾಲುಗಳನ್ನು ಪರದೆಗೆ ಹಾಕಿದೆ. ಹಲ್ಲು, ನಾನು, ಅಮ್ಮ. ಒಂದೂ ಕೆಂಪಿಲ್ಲ. ಆಮೇಲೆ ಅಂದು ಅವರು ಬೇಡವೆಂದ ಸವೆತದ ಪರೀಕ್ಷೆಯನ್ನು ಅವರೇ ಪ್ರಕಟಿಸಿದ ಫೈಲಿನ ಮೇಲೆ ಓಡಿಸಿದೆ. ಡಿಎನ್‌ಎಯ ತುದಿಗಳು ಹೊಸ ದಾರದ ಹಾಗೆ ಗಟ್ಟಿಯಾಗಿದ್ದವು. ಇಸ್ತ್ರಿಗೆ ಅದು ನುಂಗಲಾರದ ತುತ್ತು. ನಾನು ಕೊರೆದೆ ಎಂದು ಒಪ್ಪಿದರೆ ಅವರು ಕಳ್ಳ, ಇಲ್ಲವೆಂದರೆ ನಾನು ಹಲ್ಲಿನೊಳಗೆ ಬಂದದ್ದಕ್ಕೆ ಉತ್ತರವಿಲ್ಲ. ಅವರ ಹಣೆಯ ಬೆವರನ್ನು ನಾನು ಕಣ್ತುಂಬ ನೋಡಿದೆ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಹೊರಗೆ ಕಾರಿಡಾರಿನಲ್ಲಿ ಅವರು ನನ್ನ ಹಿಂದೆಯೇ ಓಡಿ ಬಂದರು.

“ಫೈಲು ಅದಲುಬದಲಾಗಿದೆ ಅಂತ ಹೇಳಿಬಿಡಿ. ತಿದ್ದುಪಡಿ ಹಾಕ್ಸಿ ಮೊದಲ ಹೆಸರು ನಿಮ್ಮದೇ ಕೊಡ್ತೀನಿ. ಕಾಯಂ ಕೆಲಸ ಕೂಡ.”

ಸುಳ್ಳೇಕೆ ಹೇಳಲಿ, ಎದೆ ಜಗ್ಗಿತು. ಬೇರೆ ಯಾವ ಆಸೆಯೂ ಇಲ್ಲದೆ ಅದೊಂದಕ್ಕೇ ವರ್ಷಗಟ್ಟಲೆ ಆ ಸ್ಟೂಲಿನ ಮೇಲೆ ಕೂತವಳು ನಾನು. ಒಂದು ಹೂಂ ಎಂದರೆ ಸಾಕಿತ್ತು.

“ನಾನು ತಾತ್ಕಾಲಿಕ ಸರ್. ಇವತ್ತಿರ್ತೀನಿ, ನಾಳೆ ಹೋಗ್ತೀನಿ” ಎಂದು ನಡೆದುಬಿಟ್ಟೆ. ಸತ್ಯಕ್ಕಾಗಿ ಹಾಗೆ ಮಾಡಿದೆ ಎಂದು ಆಮೇಲೆ ಕೆಲವರು ಹೊಗಳಿದರು. ಸತ್ಯವೂ ಇಲ್ಲ, ಮಣ್ಣೂ ಇಲ್ಲ. ಅವರು ಬೀಳುವುದನ್ನು ನಾನು ನೋಡಬೇಕಿತ್ತು.

ಲೇಖನವನ್ನು ಹಿಂದೆಗೆದುಕೊಂಡ ಪ್ರಕಟಣೆ ಬಂತು. ಹಲ್ಲಿನದೆಂದು ಹೇಳಿದ್ದ ಡಿಎನ್‌ಎ ವಾಸ್ತವವಾಗಿ ಪ್ರಯೋಗವನ್ನು ನಡೆಸಿದವರದು ಎಂದು ಬರೆದು, ಮುಂದೆ ನನ್ನ ಪೂರ್ತಿ ಹೆಸರು ಅಚ್ಚಾಗಿತ್ತು, ಡಾಕ್ಟರ್ ಸಮೇತ. ಆ ಸಂಶೋಧನೆಯ ಬಗ್ಗೆ ನನ್ನ ಹೆಸರು ಅಚ್ಚಾದದ್ದು ಅದೊಂದೇ ಕಡೆ, ಅದೂ ಕಲಬೆರಕೆಯ ಮೂಲವಾಗಿ. ಅದನ್ನು ಓದಿದ ಯಾವ ಪ್ರಯೋಗಾಲಯವೂ ನನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಇಸ್ತ್ರಿಯನ್ನೂ ಯಾರೂ ಬಿಟ್ಟುಕೊಳ್ಳಲಿಲ್ಲ, ನನಗೆ ಅಷ್ಟು ಸಾಕು.