ಎರಡೂ ಬಲತೋಳು

ಆ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಹಕ್ಕು ಒಬ್ಬರದೇ, ಭಾವನದು. ಅವರ ತಮ್ಮನ ಹೆಂಡತಿಯದು ಕಾಜಾ ಕೆಲಸ. ಗುಂಡಿಯ ತೂತಿಗೆ ಸುತ್ತ ದಾರ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಿಸುವುದು. ಒಂಬತ್ತು ವರ್ಷದಿಂದ ಇಷ್ಟೇ. ಗಿರಾಕಿಗಳ ಬಾಯಲ್ಲಿ ಅವಳು ಕಾಜಾ ಅಕ್ಕನೇ ಆಗಿಹೋಗಿದ್ದಳು. ಭಾವನ ದೊಡ್ಡ ಕತ್ತರಿಯನ್ನು ಅವಳು ಮುಟ್ಟುವಂತಿರಲಿಲ್ಲ. ಬೇರೆ ಕೈಗೆ ಹೋದರೆ ಅದರ ಹದ ಕೆಡುತ್ತದಂತೆ. ಭಾವನ ಹದವೇ ದಿನಕ್ಕೆ ನಾಲ್ಕು ಸಲ ಕೆಡುತ್ತಿತ್ತು, ಅದನ್ನು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಎರಡು ವರ್ಷದ ಹಿಂದೆ ಅವಳಿಗೊಂದು ಹುಚ್ಚು ಹತ್ತಿತು. ದಿನಾ ಅರ್ಧ ಗಂಟೆ ಮೊದಲೇ ಬಂದು, ಚಿಂದಿ ಚೀಲಕ್ಕೆ ಕೈಹಾಕಿ, ಸಿಕ್ಕ ಚೂರುಗಳಿಂದ ಅಂಗೈಯಗಲದ ಒಂದು ತುಂಡು ಜೋಡಿಸುವುದು. ನಿನ್ನೆ ಮಾಡಿದ್ದನ್ನು ಇವತ್ತು ಮಾಡುವಂತಿಲ್ಲ, ಚೆನ್ನಾಗಿ ಬರಲಿಲ್ಲವೆಂದು ಬಿಚ್ಚುವಂತಿಲ್ಲ. ಕಟ್ಟಳೆ ಮಾಡಿದವಳೂ ಅವಳೇ, ಮೊದಲ ತಿಂಗಳೆಲ್ಲ ಅದಕ್ಕೆ ಶಾಪ ಹಾಕಿದವಳೂ ಅವಳೇ.

"ಇದೇನಮ್ಮ, ಕಪ್ಪೆ ಮೇಲೆ ಲಾರಿ ಹೋದ ಹಾಗಿದೆ," ಎಂದು ಭಾವ ಒಂದು ತುಂಡನ್ನು ಬೆಳಕಿಗೆ ಹಿಡಿದು ನಕ್ಕರು. "ಯಾರಿಗೆ ಬೇಕು ಇದು?"

"ಯಾರಿಗೂ ಬೇಡ ಭಾವ. ನಾಳೆ ಇನ್ನೊಂದು ಮಾಡ್ತೀನಿ."

ಮಾಡಿದಳು. ಜ್ವರ ಬಂದ ದಿನವೂ ಬಿಡಲಿಲ್ಲ. ಅವತ್ತಿನದು ಮೂರೇ ಹೊಲಿಗೆ, ಮೂರೂ ಸೊಟ್ಟ. ನೂರು ತುಂಡು ದಾಟುವ ಹೊತ್ತಿಗೆ, ಏನು ಮಾಡಲಿ ಎಂದು ತಲೆ ಕೆರೆದುಕೊಂಡು ಕೂರುವುದು ನಿಂತುಹೋಯಿತು. ಚೂರು ಕೈಗೆ ಬಂದರೆ ಸಾಕು, ಅದು ಎಲ್ಲಿ ಕೂರಬೇಕೆಂದು ಬೆರಳಿಗೇ ತಿಳಿಯುತ್ತಿತ್ತು. ಇದು ಅವಳೊಬ್ಬಳ ಗುಟ್ಟಾಗಿತ್ತು.

ಒಂದು ದಿನ ಸಂಗೀತದ ಮೇಡಂ ಹೊರಮೈ ಕಡುನೀಲಿ, ಒಳಮೈ ತಿಳಿನೀಲಿ ಇದ್ದ ಬಟ್ಟೆ ತಂದುಕೊಟ್ಟರು. ತೀರಿಕೊಂಡ ತಾಯಿ ಎತ್ತಿಟ್ಟಿದ್ದ ಬಟ್ಟೆ. ಮೊದಲ ಸಲ ವೇದಿಕೆ ಹತ್ತುವ ದಿನಕ್ಕೆ ಅದರಲ್ಲೊಂದು ಕೋಟು ಬೇಕಿತ್ತು ಅವರಿಗೆ.

ತೋಳುಗಳನ್ನು ಬಟ್ಟೆ ಮಡಿಸಿ ಜೊತೆಯಾಗಿಯೇ ಕತ್ತರಿಸುವುದು ರೂಢಿ. ಬಟ್ಟೆ ಸಾಲದೆಂದು ಭಾವ ಒಂದೊಂದಾಗಿ ಕತ್ತರಿಸಿದರು. ಎರಡನೆಯದಕ್ಕೆ ಕಾಗದದ ಅಚ್ಚನ್ನು ಮಗುಚಿ ಹಾಕಲು ಮರೆತರು. ಎರಡೂ ಬಲತೋಳಾಗಿ ಕೂತವು. ಒಂದನ್ನು ಮಗುಚಿ ಹೊಲಿಯೋಣವೆಂದರೆ ತಿಳಿನೀಲಿ ಒಳಮೈ ಹೊರಗೆ ಬರುತ್ತಿತ್ತು. ಮೂವತ್ತು ವರ್ಷ ಕತ್ತರಿ ಹಿಡಿದ ಮನುಷ್ಯ ತಲೆ ಮೇಲೆ ಕೈಹೊತ್ತು ಸ್ಟೂಲಿನ ಮೇಲೆ ಕುಸಿದರು.

"ಇನ್ನೊಂದು ಮೀಟರ್ ತರೋಣ ಅಂದ್ರೆ ಅವರಮ್ಮನ ಬಟ್ಟೆ. ನಾಳೆ ಸಂಜೆ ಬರ್ತಾರೆ. ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

ಅವಳು ಒಂದು ತೋಳನ್ನು ಮೇಜಿನ ಮೇಲೆ ಹರಡಿ ಅತ್ತಿತ್ತ ಸವರಿದಳು.

"ಕತ್ತರಿ ಕೊಡಿ ಭಾವ."

ಅವರು ಅವಳ ಮುಖವನ್ನೇ ಒಂದು ಕ್ಷಣ ನೋಡಿ, ಕತ್ತರಿಯನ್ನು ಅವಳ ಕಡೆ ತಳ್ಳಿದರು.

ಆ ತೋಳನ್ನು ಎಡಗೈಯ ಅಳತೆಗೆ ತಿದ್ದಿ ಕತ್ತರಿಸಿದಾಗ ಭುಜದ ಹತ್ತಿರ ಎರಡು ಬೆರಳಷ್ಟು ಕಮ್ಮಿ ಬಿತ್ತು. ಉಳಿದ ಚೂರುಗಳನ್ನು ಸಣ್ಣ ಪಟ್ಟಿಗಳಾಗಿ ಸೀಳಿ, ಒಂದನ್ನು ಕಡುನೀಲಿ ಮೇಲಾಗಿ, ಒಂದನ್ನು ಒಳಮೈಯ ತಿಳಿನೀಲಿ ಮೇಲಾಗಿ, ಅಲೆಯಂತೆ ಬಾಗಿಸಿ ಅಲ್ಲಿ ಕೂರಿಸಿದಳು. ಆಮೇಲೆ ಸರಿಯಾಗಿದ್ದ ಬಲತೋಳಿಗೂ ಕತ್ತರಿ ಹಾಕಿದಳು.

"ಅದು ಚೆನ್ನಾಗೇ ಇದೆಯಲ್ಲಮ್ಮ," ಎಂದು ಭಾವ ನಿಂತಲ್ಲೇ ಬೆವತರು. ಅವಳು ಅಲ್ಲೂ ಅಂಥದೇ ಅಲೆ ಕೂರಿಸತೊಡಗಿದಳು.

ಮರುದಿನ ಸಂಜೆ ಮೇಡಂ ಕೋಟು ತೊಟ್ಟು ಕನ್ನಡಿಯ ಮುಂದೆ ಎರಡೂ ಕೈ ಎತ್ತಿದರು. ಭುಜದ ಮೇಲೆ ನೀಲಿ ಅಲೆಗಳು ಮೇಲೆದ್ದವು. ಅವರ ಕಣ್ಣು ತುಂಬಿತು.

"ಇದು ಯಾರ ಯೋಚನೆ, ಮಾಸ್ಟರ್?"

ನನ್ನದು ಎಂದು ಭಾವ ಹೇಳಿದ್ದರೆ ಮುಗಿಯುತ್ತಿತ್ತು. ಅವರು ಹಾಗೆನ್ನಲಿಲ್ಲ. "ನಾನು ಎರಡೂ ಬಲತೋಳೇ ಕತ್ತರಿಸಿಬಿಟ್ಟಿದ್ದೆ ಮೇಡಂ. ನನ್ನ ಕೈಲಿ ಸರಿಮಾಡೋಕೆ ಆಗ್ತಿರ್ಲಿಲ್ಲ. ಇವಳು ಮಾಡಿದ್ದು."

ಮೇಡಂ ಅವಳ ಕಡೆ ತಿರುಗಿದರು. "ಹಾಗಾದ್ರೆ ಬಲಗಡೆದು ಸರಿಯಾಗೇ ಇತ್ತಲ್ವಾ? ಅದನ್ನೂ ಯಾಕೆ ಕತ್ತರಿಸಿದ್ರಿ?"

"ಒಂದೇ ಕಡೆ ಇದ್ದಿದ್ರೆ ಅದು ತೇಪೆ, ಮೇಡಂ. ಎರಡೂ ಕಡೆ ಇದ್ರೆ ನನ್ನ ಕೆಲಸ."

ಹಾಗಂದ ಮೇಲೆ ಅವಳಿಗೇ ಗೊತ್ತಾಯಿತು, ಭಾವನ ಎದುರಿಗೇ ನನ್ನ ಕೆಲಸ ಎಂದಿದ್ದಳು. ನಾಲಿಗೆ ಕಚ್ಚಿಕೊಳ್ಳಬೇಕೆನಿಸಲಿಲ್ಲ. ಹೆಮ್ಮೆಯಾಯಿತು, ಹೊಟ್ಟೆತುಂಬ ಹೆಮ್ಮೆ. ಪಕ್ಕಕ್ಕೆ ನೋಡಿದರೆ ಭಾವ ಹೌದೆಂದು ತಲೆಯಾಡಿಸುತ್ತ ನಿಂತಿದ್ದರು.