ಗುಂಪಿಗೆ ತಪ್ಪಿ ಬಂದ ಮೆಸೇಜು

ಫೋನಿನ ಆ ಗುಂಪಿನಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಸಾಯುತ್ತಿದ್ದರು. ಊಟಕ್ಕೆ ಸಾಂಬಾರೋ ರಸವೋ ಎಂದು ತೀರ್ಮಾನಿಸಲಾಗದ ಮಂದಿ ವಿಷದ ವಿಚಾರ ಬಂದರೆ ಮಾತ್ರ ಪ್ರೊಫೆಸರುಗಳಾಗುತ್ತಿದ್ದರು. ಯಾರಾದರೂ ಅಳುತ್ತ ಬಂದರೆ 'ನಿನ್ನ ನಿರ್ಧಾರವನ್ನು ಗೌರವಿಸುತ್ತೇವೆ' ಎನ್ನುತ್ತಿದ್ದರು. ಅಲ್ಲಿ ಗೌರವ ಸಿಗುತ್ತಿದ್ದುದು ಒಂದೇ ನಿರ್ಧಾರಕ್ಕೆ.

ತಮಿಳು ಸೀಮೆಯ ಪೀಳಮೇಡಿನ ಹಾಸ್ಟೆಲಿನಲ್ಲಿದ್ದ ಕೃತ್ತಿಕಾ ಪರೀಕ್ಷೆಯಲ್ಲಿ ಮತ್ತೆ ಫೇಲಾದ ಮೇಲೆ ಆ ಗುಂಪಿಗೆ ಸೇರಿದ್ದಳು. ಬಾಯಿ ಬಿಟ್ಟಿರಲಿಲ್ಲ, ಓದುತ್ತಿದ್ದಳಷ್ಟೆ.

ಆ ಶನಿವಾರ ಮಧ್ಯಾಹ್ನ 'ಗ್ರೇ ಸ್ಪ್ಯಾರೋ' ಎಂಬವನು ಪಾರ್ಸೆಲು ಕೈಸೇರಿತೆಂದು ಬರೆದ. ಗುಂಪು ಹುಟ್ಟುಹಬ್ಬವೆಂಬಂತೆ ಹೂವಿನ ಚಿತ್ರಗಳನ್ನು ಸುರಿಯಿತು. ಸ್ವಲ್ಪ ಹೊತ್ತಿಗೆ ಅವನಿಂದಲೇ ಇನ್ನೊಂದು ಸಾಲು ಬಂತು. ಅಕ್ಷರ ತಮಿಳು, ಮಾತು ಕನ್ನಡ:

'ಅವ್ವಾ, ಪಾವು ತಗಳಕ್ಕೆ ನಾನ್ ಬರಲ್ಲ. ಲೋಗನಾಥನ್ ಮಾಮನ್ನೇ ಮನೇಗ್ ತಂದುಕೊಡಕ್ಕೆ ಹೇಳು. ನೀನು ಉಂಡ್ಬುಡು.'

ತಕ್ಷಣ ಅಳಿಸಿಹೋಯಿತು. ಅವ್ವನಿಗೆ ಹೋಗಬೇಕಾದದ್ದು ಗುಂಪಿಗೆ ಬಂದಿತ್ತು. ಉಳಿದವರಿಗೆ ಅದು ಬರೀ ಗೀಚು. ಕೃತ್ತಿಕಾಳಿಗೆ ಮಾತ್ರ ಅರ್ಥವಾಯಿತು. ಕನ್ನಡವನ್ನು ತಮಿಳಕ್ಷರದಲ್ಲಿ ಬರೆಯುವವರೆಂದರೆ ಅವಳ ಬೀದಿಯ ನೇಕಾರರು. ಮನೆಯಲ್ಲಿ ಕನ್ನಡ ಆಡಿದರೂ ಅದರ ಅಕ್ಷರ ಕಂಡವರಲ್ಲ. ಅವಳೂರು ಕಿಣತ್ತುಕಡವಿನ ಆ ಬೀದಿಗೆಲ್ಲ ಪಾವು, ಅಂದರೆ ಮಗ್ಗಕ್ಕೇರಿಸುವ ಹಾಸುನೂಲು, ಹಂಚುವ ಲೋಗನಾಥನ್ ಅವಳ ಸೋದರಮಾವ.

ಫೋನು ಮಾಡಿದರೆ ಮಾಮ ಏನು ಕೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಹೆಬ್ಬೆರಳು ಅವನ ಹೆಸರಿನ ಮೇಲೆ ನಿಂತೇ ಇತ್ತು. ಅಷ್ಟರಲ್ಲಿ ಗುಂಪಿನ ಹಿರಿಯನೊಬ್ಬ ಸ್ಪ್ಯಾರೋವನ್ನು 'ಬಾಗಿಲು ಹಾಕಿಕೊಂಡೆಯಾ?' ಎಂದು ಕೇಳಿದ.

ಒತ್ತಿದಳು.

"ಮಾಮಾ, ಇವತ್ತು ಪಾವಿಗೆ ಯಾರ ಮಗ ಬಂದಿಲ್ಲ?"

"ಏನ್ ನನ್ ಕಣ್ಣೇ, ನೀನೂ ಮಗ್ಗ ಹಾಕ್ತೀಯಾ? ಕುಪ್ಪಮ್ಮನ ಮಗ, ಆ ಗೋಪಿನಾಥ್. ಸೋಂಬೇರಿ. ಅವ್ಳು ಇಲ್ಲೇ ಕಾಯ್ತಾ ನಿಂತವ್ಳೆ."

"ಓಡಿ ಮಾಮಾ. ಅವ್ನು ವಿಷ ತರಿಸವ್ನೆ. ಬಾಗ್ಲು ಒಡೀರಿ."

"ಯಾರ್ ಹೇಳಿದ್ದು ನಿಂಗೆ?"

"ಆಮೇಲೆ ಬೈಯಿರಿ. ಓಡಿ!"

ಫೋನು ಇಡುವುದನ್ನೂ ಮರೆತು ಮಾಮ ಓಡಿದ. ನಾಯಿ ಬೊಗಳಿತು. ಕುಪ್ಪಮ್ಮ ಮಗನ ಹೆಸರು ಕೂಗಿದಳು. ಬಾಗಿಲು ಬಡಿದು ಮುರಿದ ಸದ್ದು. ಆಮೇಲೆ ಮಾಮನ ಗುಡುಗು: "ಬಿಡೋ ಅದನ್ನ! ನಿಮ್ಮನೇಲಿ ಕುಡಿಯಕ್ಕೆ ಮಜ್ಜಿಗೆ ಇಲ್ವಾ?" ಕೊನೆಗೆ ಹುಡುಗನೊಬ್ಬ ದನಿ ತೆಗೆದು ಅತ್ತ.

ಗುಂಪಿನಲ್ಲಿ ಹಿರಿಯ ಬರೆದಿದ್ದ: 'ಉತ್ತರವಿಲ್ಲ. ಶಾಂತಿ ಸಿಕ್ಕಿತು.' ಕೆಳಗೆ ಮತ್ತೆ ಹೂವು. ಪೊಲೀಸರಿಗೆ ಬೇಕಾದೀತೆಂದು ಕೃತ್ತಿಕಾ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಳು.

"ಕುಡಿದಿಲ್ಲ ಕಣ್ಣೇ," ಮಾಮ ಏದುಸಿರು ಬಿಡುತ್ತ ಅಂದ. "ಪೊಟ್ಟಣ ನನ್ ಕೈಲೈತೆ. ಆದ್ರೂ ಆಸ್ಪತ್ರೆಗೆ ಕರ್ಕೊಂಡ್ ಹೋಯ್ತೀವಿ." ಆಮೇಲೆ ಕೇಳಿದ: "ಫೋನಲ್ಲಿ ಅದ್ಯಾವ್ದೋ ಗುಂಪಂತೆ, ಇವ್ನು ಹೇಳ್ದ. ಆ ದರಿದ್ರ ಜಾಗದಲ್ಲಿ ನಿಂಗೇನು ಕೆಲ್ಸ?"

"ಮತ್ತೆ ಫೇಲಾದೆ ಮಾಮಾ. ಅವ್ವಂಗೆ ಹೇಳಿಲ್ಲ."

"ನಿಂಗೂ ಪಾರ್ಸೆಲ್ ಬಂದೈತಾ?"

"ಇಲ್ಲ. ಬೇಕಾ ಅಂತ ಕೇಳಿದ್ರು. ಬೇಡ ಅಂತಾನೂ ಹೇಳಿಲ್ಲ."

ಮಾಮ ಬೈಯಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

"ರೂಮಲ್ಲಿ ಒಬ್ಳೇ ಇರಬೇಡ. ಕೆಳಗಿಳಿ. ವಾರ್ಡನಮ್ಮನ ಕೈಗೆ ಫೋನ್ ಕೊಡು."

"ಅವ್ರು ಬೈತಾರೆ."

"ಬೈಲಿ. ನಾನೂ ಬಂದು ಬೈತೀನಿ. ಅಲ್ಲೀಗಂಟ ಫೋನ್ ಇಡಬೇಡ."

ಕೃತ್ತಿಕಾ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. ಕಿವಿಯಲ್ಲಿ ಮಾಮ, ಆಸ್ಪತ್ರೆಗೆ ಹೊರಡಲು ತಡಮಾಡುತ್ತಿದ್ದ ಆಟೋದವನೊಬ್ಬನನ್ನು ತಮಿಳಿನಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದ.